ಹೈಟೆಕ್ ಮಾರುಕಟ್ಟೆಗೆ ಸಹಿ ಹಾಕುವ ಮುನ್ನ

ಓದುಗರ ಪ್ರಶ್ನೆ: ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಹದಿನಾಲ್ಕು ವರ್ಷಗಳಿಂದ ಜೋಳದ ರೊಟ್ಟಿ ಖಾನಾವಳಿ ನಡೆಸುತ್ತಿದ್ದೇನೆ. ನನ್ನ ಜೊತೆ ಐದು ಹೆಣ್ಣುಮಕ್ಕಳು ದುಡಿಯುತ್ತಾರೆ. ಹಳೆಯ ಮಾರುಕಟ್ಟೆಯ ಹೊರಸಾಲಿನ ಮಳಿಗೆ ಇದು. ಮಳಿಗೆ ಪುರಸಭೆಯದು, ಹರಾಜಿನಲ್ಲಿ ಹಿಡಿದವರು ಬೇರೆಯವರು. ಅವರಿಗೆ ತಿಂಗಳಿಗೆ 7,000 ರೂಪಾಯಿ ಬಾಡಿಗೆ ಕೊಡುತ್ತೇನೆ. ಈಗ ಮಾರುಕಟ್ಟೆ ಕೆಡವಿ ಮೂರು ಅಂತಸ್ತಿನ ಹೈಟೆಕ್ ಸಂಕೀರ್ಣ ಕಟ್ಟುತ್ತಾರಂತೆ. ಮಂಗಳವಾರದ ಸಂತೆಯನ್ನು ಬೈಪಾಸ್ ಪಕ್ಕಕ್ಕೆ ಸಾಗಿಸುತ್ತಾರಂತೆ. ಬೀದಿ ವ್ಯಾಪಾರಿಗಳು ಹೋದರೆ ಅಂಗಡಿಯವರಿಗೆ ಲಾಭ ಎಂದು ವರ್ತಕರ ಸಂಘದವರು ಬೆಂಬಲ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಇತ್ತ ನಲ್ಲಿಯಲ್ಲಿ ಐದು ದಿನಕ್ಕೊಮ್ಮೆ ನೀರು. ವಾರಕ್ಕೆ ಎರಡು ಟ್ಯಾಂಕರ್ ತರಿಸುತ್ತೇನೆ, ಒಂದಕ್ಕೆ 600 ರೂಪಾಯಿ. ಮಳೆ ಬಂದರೆ ಚರಂಡಿ ಹೊಸ್ತಿಲು ದಾಟುತ್ತದೆ. ಸಹಿ ಹಾಕಲೇ, ಬೇಡವೇ? ಪುರಸಭೆಗೆ ದುಡ್ಡು ಕಟ್ಟಿ ನಮಗೇನು ಬಂತು? ಹೇಗೂ ಕೆಡವುತ್ತಾರೆಂದರೆ ಈ ವರ್ಷ ಪರವಾನಗಿ ನವೀಕರಿಸುವ ಅಗತ್ಯವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಟ್ಯಾಂಕರಿನ ಸಾಲನ್ನು. ವಾರಕ್ಕೆ 1,200 ಎಂದರೆ ವರ್ಷಕ್ಕೆ 62,400 ರೂಪಾಯಿ. ನೀವು ಕೊಡುವ ವರ್ಷದ ಬಾಡಿಗೆ 84,000. ಅಂದರೆ ಬಾಡಿಗೆಯ ಮುಕ್ಕಾಲು ಪಾಲಿನಷ್ಟು ಹಣವನ್ನು ನೀವು ನೀರಿಗೇ ಸುರಿಯುತ್ತಿದ್ದೀರಿ. ಊರಿನ ಆರ್ಥಿಕ ಅಭಿವೃದ್ಧಿಗೆ ಏನು ಬೇಕು ಎಂದು ನನ್ನನ್ನು ಕೇಳಿದರೆ ನಿಮ್ಮ ಈ ಒಂದು ಲೆಕ್ಕವನ್ನು ಮುಂದಿಡುತ್ತೇನೆ. ಆ ದುಡ್ಡು ಉಳಿದಿದ್ದರೆ ನೀವು ಇನ್ನೊಬ್ಬ ಹೆಣ್ಣುಮಗಳಿಗೆ ಅರ್ಧ ದಿನದ ಕೆಲಸ ಕೊಡುತ್ತಿದ್ದಿರಿ, ಇಲ್ಲವೇ ಹಿಟ್ಟಿನ ಗಿರಣಿ ಹಾಕಿಸುತ್ತಿದ್ದಿರಿ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಸಹಿ ಹಾಕದಿದ್ದರೆ ಊರು ಬೆಳೆಯುವುದಕ್ಕೆ ಅಡ್ಡಗಾಲು ಹಾಕಿದವಳು ಎನ್ನುತ್ತಾರೆ. ಹಾಕಿದರೆ ಹೊಟ್ಟೆಪಾಡಿಗೇ ಸಂಚಕಾರ ಬಂದೀತು. ಮೂವತ್ತು ವರ್ಷ ಪುರಸಭೆಗಳಲ್ಲಿ ದುಡಿದು, ಕೊನೆಯ ಹನ್ನೆರಡು ವರ್ಷ ಮುಖ್ಯಾಧಿಕಾರಿಯಾಗಿದ್ದವನು ನಾನು. ಇಂತಹ ಸಂಕೀರ್ಣಗಳ ಕಡತಕ್ಕೆ ನಾನೂ ಸಹಿ ಹಾಕಿದ್ದೇನೆ. ಹಾಗಾಗಿ ಮೊದಲು ನನ್ನ ಸಹಿಯ ಕಥೆ ಹೇಳುತ್ತೇನೆ.

ಊರಿನ ಹೆಸರು ಬೇಡ. ಅಲ್ಲಿ ತರಕಾರಿ ಮಾರುಕಟ್ಟೆ ಕಟ್ಟಿಸಿದೆವು. ಮಳೆನೀರು ಒಳನುಗ್ಗಬಾರದೆಂದು ಎಂಜಿನಿಯರ್ ಅಡಿಪಾಯವನ್ನು ನಾಲ್ಕು ಅಡಿ ಎತ್ತರಿಸಿದರು. ನಕ್ಷೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಉದ್ಘಾಟನೆಯ ಮರುದಿನ ಬೆಳಿಗ್ಗೆ ನೋಡಲು ಹೋದೆ. ಕೊತ್ತಂಬರಿ ಮಾರುವ ಅಜ್ಜಿಯೊಬ್ಬರು ಬುಟ್ಟಿ ಹೊತ್ತು ಆರು ಮೆಟ್ಟಿಲು ಹತ್ತಿದರು, ಒಳಗೆ ಹೋಗಿ ಕೂತರು, ಅರ್ಧ ಗಂಟೆ ಕಾದರು. ಸೊಪ್ಪಿಗೆಂದು ಮೆಟ್ಟಿಲು ಹತ್ತಿ ಬರುವವರು ಯಾರು? ಎದ್ದು ಬಂದು ಕೆಳಗಿನ ಮೆಟ್ಟಿಲಿನ ಪಕ್ಕದಲ್ಲಿ, ಚರಂಡಿಯ ಅಂಚಿಗೆ ಗೋಣಿತಾಟು ಹಾಸಿದರು. ತಳ್ಳುಗಾಡಿಯವರಂತೂ ಒಳಗೆ ಹೋಗಲೇ ಇಲ್ಲ, ಗಾಡಿ ಹತ್ತಬೇಕಲ್ಲ! ವಾರದೊಳಗೆ ಮಾರುಕಟ್ಟೆಯೆಲ್ಲ ಮಾರುಕಟ್ಟೆಯ ಹೊರಗಿತ್ತು. ಮೊದಲ ಮಹಡಿಯ ಮಳಿಗೆಗಳಿಗೆ ಮೂರು ಸಲ ಹರಾಜು ಕರೆದರೂ ಕೂಗುವವರಿಲ್ಲ. ನಾನು ವರ್ಗವಾಗಿ ಹೊರಡುವ ಹೊತ್ತಿಗೆ ಅಲ್ಲಿ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಇಳಿಜಾರು ಹಾಕಿಸಬೇಕೆಂಬ ಬುದ್ಧಿ ನನಗಾದರೂ ಬರಬೇಕಿತ್ತು. ಅಂದಾಜು ಪಟ್ಟಿ ನನ್ನ ಮೇಜಿನ ಮೇಲೆ ಹದಿನೈದು ದಿನ ಇತ್ತು.

ಇಷ್ಟಾದರೂ ಕಟ್ಟಡಗಳೇ ಏಕೆ ಬರುತ್ತವೆ? ಹಣ ಬರುವ ದಾರಿಯೇ ಹಾಗಿದೆ. ಕಟ್ಟುವುದಕ್ಕೆ ವಿಶೇಷ ಅನುದಾನ ಸಿಗುತ್ತದೆ, ಗುಡಿಸುವುದಕ್ಕೆ ಸಿಗುವುದಿಲ್ಲ. ವಾಲ್ವ್ ಬದಲಿಸಿದರೆ ಶಿಲಾಫಲಕ ಇಡುವುದಕ್ಕಾಗುತ್ತದೆಯೇ? ರಾಜ್ಯ ಹಣಕಾಸು ಆಯೋಗದ ಅನುದಾನ ಬರುವುದು ನಿಜ. ನಾವು ಎಸ್‌ಎಫ್‌ಸಿ ಎಂದು ಕರೆಯುತ್ತಿದ್ದ ಆ ಹಣದ ದೊಡ್ಡ ಪಾಲು ಸಂಬಳಕ್ಕೂ ವಿದ್ಯುತ್ ಬಿಲ್ಲಿಗೂ ಹೋಗುತ್ತದೆ. ಮುಖ್ಯಾಧಿಕಾರಿ ಒಂದು ಊರಿನಲ್ಲಿ ಎರಡು ವರ್ಷ ಉಳಿದರೆ ಹೆಚ್ಚು. ಯೋಜನಾ ವರದಿ ಬರೆಯುವವರು ಎಲ್ಲೋ ಕೂತ ಸಲಹೆಗಾರರು. ಒಮ್ಮೆ ನಮ್ಮ ಊರಿನ ವರದಿಯ ನಲವತ್ತನೇ ಪುಟದಲ್ಲಿ ಬೇರೊಂದು ಊರಿನ ಹೆಸರು ಹಾಗೇ ಉಳಿದಿತ್ತು. ಜನಸಂಖ್ಯೆಯೂ ಆ ಊರಿನದೇ.

ಇನ್ನು ನಿಮಗೆ ಹೇಳಿರುವ ಮಾತುಗಳಲ್ಲಿ ನಿಜವೆಷ್ಟು ಎಂದು ನೋಡೋಣ. ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಅಂಗಡಿಗೆ ಲಾಭ ಎನ್ನುವುದು ಎಲ್ಲ ಊರುಗಳಲ್ಲೂ ಕೇಳಿದ ಮಾತು. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಹಳ್ಳಿಯಿಂದ ಬಸ್ಸಿಳಿದವರು ಬರುವುದು ಸಂತೆಗೆ. ಕಾಯಿಪಲ್ಲೆ, ಬಳೆ, ಚಪ್ಪಲಿ ಕೊಂಡ ಮೇಲೆ ಬಟ್ಟೆ ಅಂಗಡಿಗೂ ಗೊಬ್ಬರದ ಅಂಗಡಿಗೂ ಹೋಗುತ್ತಾರೆ, ಹಸಿವಾದಾಗ ನಿಮ್ಮಲ್ಲಿಗೆ ಬರುತ್ತಾರೆ. ಮಂಗಳವಾರ ನಿಮ್ಮಲ್ಲಿ ಎಷ್ಟು ರೊಟ್ಟಿ ಹೋಗುತ್ತವೆ, ಬುಧವಾರ ಎಷ್ಟು? ಆ ಎರಡು ಅಂಕಿ ಬರೆದು ಸಂಘದವರಿಗೆ ತೋರಿಸಿ. ಸಂತೆ ಬೈಪಾಸಿಗೆ ಹೋದರೆ ಆ ವ್ಯತ್ಯಾಸದಷ್ಟು ವ್ಯಾಪಾರವೂ ಅದರ ಹಿಂದೆ ಹೋಗುತ್ತದೆ. ಅಂಗಡಿಯವರಿಗೂ ಗಾಡಿಯವರಿಗೂ ಜಗಳ ಇರುವುದು ಬಾಗಿಲ ಮುಂದಿನ ಜಾಗಕ್ಕೆ. ಅದು ಬಗೆಹರಿಯುವ ಜಗಳ. ರಸ್ತೆಗೆ ಬಣ್ಣದ ಗೆರೆ ಹಾಕಿ, ಮಳಿಗೆ ಬಾಗಿಲಿಗೆ ನಾಲ್ಕು ಅಡಿ ದಾರಿ ಬಿಡಿಸಿ, ಬೆಳಿಗ್ಗೆ ಸರಕು ಇಳಿಸುವ ಹೊತ್ತನ್ನು ನಿಗದಿ ಮಾಡಿದ ಕಡೆ ಅದು ಮುಕ್ಕಾಲು ಪಾಲು ತಣ್ಣಗಾದದ್ದನ್ನು ನೋಡಿದ್ದೇನೆ.

ಕಾನೂನೂ ಇದೆ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣಾ ಕಾಯ್ದೆ, 2014ರದ್ದು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಾದರೂ ಮೂವತ್ತು ದಿನಗಳ ನೋಟಿಸ್ ಬೇಕು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಹೊಂದಿಸಬೇಕು ಎನ್ನುತ್ತದೆ ಆ ಕಾಯ್ದೆ. ನಲವತ್ತು ಸಾವಿರ ಜನರ ಊರಿಗೆ ಅದು ಸಾವಿರ ಮಂದಿಯಾಯಿತು. ಜಾಗ ತೀರ್ಮಾನಿಸಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಯ್ಕೆ ಮಾಡಿದವರು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮ ಊರಿನಲ್ಲಿ ಈ ಸಮಿತಿ ಕೊನೆಯ ಸಲ ಯಾವಾಗ ಸೇರಿತು ಎಂದು ಕೇಳಿ ನೋಡಿ. ಸಮಿತಿಯ ಮುಂದೆ ಬಾರದೆ ಸಂತೆ ಸಾಗಿಸುವ ಠರಾವು ಆಗಿದ್ದರೆ ಅದನ್ನು ನ್ಯಾಯಾಲಯದಲ್ಲಿ ಉಳಿಸಿಕೊಳ್ಳುವುದು ಪುರಸಭೆಗೆ ಕಷ್ಟ. ನನ್ನ ಕುರ್ಚಿಯಲ್ಲಿ ಈಗ ಕೂತಿರುವವರಿಗೂ ಅದು ಗೊತ್ತಿರುತ್ತದೆ.

ಬಹಳ ಕಡಿಮೆ ಚರ್ಚೆಯಾಗುವ ಸಂಗತಿ ಶೌಚಾಲಯ. ಇದಕ್ಕೂ ವ್ಯಾಪಾರಕ್ಕೂ ಏನು ಸಂಬಂಧ ಎಂದು ಸಾಮಾನ್ಯ ಸಭೆಯಲ್ಲಿ ಸದಸ್ಯರೊಬ್ಬರು ನನ್ನನ್ನು ಕೇಳಿ ನಕ್ಕಿದ್ದರು. ಒಂಬತ್ತು ಗಂಟೆಯ ಬಸ್ಸಿಗೆ ಬಂದ ಹೆಣ್ಣುಮಕ್ಕಳು ಬಸ್ ನಿಲ್ದಾಣ ಬಿಟ್ಟರೆ ಎಲ್ಲಿಗೆ ಹೋಗಬೇಕು? ನೀರು ಕುಡಿಯದೆ ಓಡಾಡಿ, ಹನ್ನೆರಡರೊಳಗೆ ಮುಗಿಸಿ ವಾಪಸಾಗುತ್ತಾರೆ. ಸೀರೆ ನೋಡುವುದಕ್ಕೆ ಪುರುಸೊತ್ತು ಬೇಕು, ಊಟಕ್ಕೆ ಕೂರುವುದಕ್ಕೂ ಬೇಕು. ನಾನಿದ್ದ ಒಂದು ಊರಿನಲ್ಲಿ ಸಂತೆ ಮೈದಾನದ ಮೂಲೆಯಲ್ಲಿ ನಾಲ್ಕು ಕೋಣೆಯ ಮಹಿಳಾ ಶೌಚಾಲಯ ಕಟ್ಟಿಸಿ, ಸ್ವಸಹಾಯ ಸಂಘವೊಂದಕ್ಕೆ ನಿರ್ವಹಣೆ ಕೊಟ್ಟೆವು. ಮೂರು ತಿಂಗಳ ಮೇಲೆ ಆ ನಕ್ಕ ಸದಸ್ಯರೇ ಬಂದು, ತಮ್ಮ ಭಾವನ ಬಟ್ಟೆ ಅಂಗಡಿಯಲ್ಲಿ ಸಂತೆಯ ದಿನ ಮಧ್ಯಾಹ್ನವೂ ಗಿರಾಕಿ ಇರುತ್ತಾರೆ ಎಂದರು. ಬೀದಿ ದೀಪದ ಕಥೆಯೂ ಇಂಥದ್ದೇ. 70 ವಾಟ್‌ನ ಒಂದು ಎಲ್‌ಇಡಿ ದೀಪ ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ 21 ಯೂನಿಟ್. ಮಾರುಕಟ್ಟೆ ಬೀದಿಗೆ ಇಪ್ಪತ್ತು ದೀಪ ಹಾಕಿದರೂ 420 ಯೂನಿಟ್. ಸಂಜೆ ಆರರಿಂದ ಒಂಬತ್ತರವರೆಗಿನ ವ್ಯಾಪಾರ ನಿಂತಿರುವುದು ಅದರ ಮೇಲೆ.

ನೀರಿನ ವಿಷಯದಲ್ಲಿ ‘ಹೊಳೆಯಲ್ಲೇ ಇಲ್ಲ, ನಲ್ಲಿಗೆಲ್ಲಿಂದ ಬರಬೇಕು’ ಎನ್ನುವ ಸಮಜಾಯಿಷಿಯನ್ನು ನಾನೂ ಕೊಟ್ಟಿದ್ದೇನೆ. ಅದು ಅರ್ಧ ಸತ್ಯ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಬಿಟ್ಟು ತೋರಿಸಿದರು. ಹಳೆಯ ಕೊಳವೆ ಕಿತ್ತು ಹೊಸದು ಹಾಕಿದರು, ಸೋರಿಕೆ ನಿಲ್ಲಿಸಿದರು, ಮನೆಮನೆಗೆ ಮೀಟರ್ ಕೂರಿಸಿದರು. ಆದರೆ ಅದು ಆಯಾ ನಗರದ ಸಣ್ಣ ಭಾಗಕ್ಕೆ ಮಾತ್ರ, ಉಳಿದ ಭಾಗಗಳಿಗೆ ಹಬ್ಬಿಸುವುದು ವರ್ಷಗಟ್ಟಲೆ ಎಳೆಯಿತು. ಮೀಟರ್ ಎಂದೊಡನೆ ಪ್ರತಿಭಟನೆಗಳಾದವು, ಖಾಸಗಿಯವರಿಗೆ ಕೊಟ್ಟರೆ ಬಡವರ ಗತಿಯೇನು ಎಂಬ ನ್ಯಾಯವಾದ ಪ್ರಶ್ನೆಯೂ ಎದ್ದಿತು. ನಾಳೆಯೇ ನಿಮ್ಮ ಊರಿಗೆ 24 ಗಂಟೆ ನೀರು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐದು ದಿನಕ್ಕೊಮ್ಮೆ ಬರುವುದನ್ನು ಎರಡು ದಿನಕ್ಕೊಮ್ಮೆ, ಅದೂ ಗೊತ್ತಾದ ಹೊತ್ತಿಗೆ ಬಿಡುವಂತೆ ಮಾಡಬಹುದು. ನೀರು ಬಿಡುವ ನೌಕರನ ಕೈಯಲ್ಲಿ ವಾಲ್ವ್‌ಗಳ ನಕ್ಷೆ ಇದೆಯೇ, ಅಥವಾ ಅದು ಅವನ ತಲೆಯಲ್ಲಷ್ಟೇ ಇದೆಯೇ ಎಂದು ಕೇಳಿ. ಅನೇಕ ಊರುಗಳಲ್ಲಿ ಅವನು ನಿವೃತ್ತನಾದ ದಿನ ನಕ್ಷೆಯೂ ನಿವೃತ್ತವಾಗುತ್ತದೆ. ದುಡ್ಡಿನ ಮಾತಿಗೆ ಬಂದರೆ, 15ನೇ ಹಣಕಾಸು ಆಯೋಗವು 2021-26ರ ಅವಧಿಯಲ್ಲಿ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಹಾಕಿತ್ತು. ಆ ಹಣದ ವರ್ಷವಾರು ಕ್ರಿಯಾಯೋಜನೆ ಕಚೇರಿಯ ಕಪಾಟಿನಲ್ಲಿ ಇರಲೇಬೇಕು. ನಿಮ್ಮ ಚರಂಡಿ ಅದರಲ್ಲಿ ಏಕೆ ಇಲ್ಲ ಎಂದು ಕೇಳುವ ಹಕ್ಕು ನಿಮಗಿದೆ.

ದುಡ್ಡು ಕಟ್ಟಿ ನಮಗೇನು ಬಂತು ಎಂದಿರಿ. ಸಿಟ್ಟು ನ್ಯಾಯವೇ. ಆದರೆ ಪುರಸಭೆಯಲ್ಲಿ ಕೇಳಬೇಕಾದ ಕಾಗದ ಇನ್ನೊಂದಿದೆ. ಬೇಡಿಕೆ, ವಸೂಲಿ, ಬಾಕಿ ಎಂದು ಮೂರು ಕಾಲಮ್ಮಿನ ತಖ್ತೆ ಅದು, ಕಚೇರಿಯ ಬಾಯಲ್ಲಿ ಡಿಸಿಬಿ. ಆಸ್ತಿ ತೆರಿಗೆಗೆ ಒಂದು, ನೀರಿಗೆ ಒಂದು, ಮಳಿಗೆ ಬಾಡಿಗೆಗೆ ಒಂದು. ಬಾಡಿಗೆಯ ತಖ್ತೆ ತೆಗೆಸಿ ನೋಡಿದರೆ ನಿಮಗೆ ಆಶ್ಚರ್ಯವಾದೀತು. ನೀವು 7,000 ಕೊಡುವ ಮಳಿಗೆಯಿಂದ ಪುರಸಭೆಗೆ ಬರುತ್ತಿರುವುದು ಎಷ್ಟು? ಇಂತಹ ಮಳಿಗೆಗಳಲ್ಲಿ ನಾನು ನೋಡಿದ ಮಟ್ಟಿಗೆ ಸಾವಿರದ ಆಸುಪಾಸು, ಅದೂ ಬಾಕಿ. ನಡುವಿನ ಹಣ ಒಳಬಾಡಿಗೆಯಾಗಿ ಹಿಡಿದವರ ಜೇಬಿಗೆ ಹೋಗುತ್ತದೆ. ಚರಂಡಿ ತೆಗೆಸಬೇಕಾದ ದುಡ್ಡು ಸೋರುವುದು ಅಲ್ಲಿ. ಮಳಿಗೆ ಹಿಡಿದು ಒಳಬಾಡಿಗೆಗೆ ಕೊಟ್ಟ ಕೆಲವರು ನಿಮ್ಮ ವರ್ತಕರ ಸಂಘದಲ್ಲೂ ಇದ್ದಾರು. ಹೊಸ ಸಂಕೀರ್ಣದಲ್ಲಿ ಹಳೆಯ ಮಳಿಗೆದಾರರಿಗೆ ಆದ್ಯತೆ ಎಂದರೆ ಆದ್ಯತೆ ಯಾರ ಹೆಸರಿಗೆ ಬರುತ್ತದೆ ಎಂದು ಸಹಿಗೆ ಮುಂಚೆ ಒಂದು ಗಳಿಗೆ ಯೋಚಿಸಿ.

ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದರೆ ಮೂವತ್ತು ದಿನದಲ್ಲಿ ಈ ತಖ್ತೆ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ.

ಇನ್ನು ದಾರಿಗಳು. ಹಳೆಯ ಮಾರುಕಟ್ಟೆಯನ್ನೇ ದುರಸ್ತಿ ಮಾಡಿಸಿ, ನೀರು, ಚರಂಡಿ, ದೀಪ, ಶೌಚಾಲಯ ಸರಿಪಡಿಸಿ ಎಂದು ಪಟ್ಟು ಹಿಡಿಯುವುದು ನನಗೆ ಇಷ್ಟವಾದ ದಾರಿ. ಇದರ ಅಪಾಯ ಚಾವಣಿಯದು. ಕಟ್ಟಡ ನಿಜಕ್ಕೂ ಶಿಥಿಲವಾಗಿದ್ದರೆ ಮಮತೆಗೆ ಅಲ್ಲಿ ಜಾಗವಿಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು, ವ್ಯಾಪಾರಿಗಳು ವರ್ಷಾನುಗಟ್ಟಲೆ ಅತಂತ್ರರಾದರು. ಆದ್ದರಿಂದ ಮೊದಲು ಎಂಜಿನಿಯರಿಂಗ್ ಕಾಲೇಜಿನವರಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ಕಟ್ಟಡದ ದೃಢತೆಯ ವರದಿ ತರಿಸಿ ಎಂದು ಲಿಖಿತವಾಗಿ ಕೇಳಿ. ವರದಿಯಿಲ್ಲದೆ ‘ಶಿಥಿಲ’ ಎನ್ನುವುದು ಬರೀ ಬಾಯಿಮಾತು.

ವರದಿ ಕೆಡವಿ ಎಂದರೆ ಸಂಕೀರ್ಣಕ್ಕೆ ಷರತ್ತಿನ ಬೆಂಬಲ ಕೊಡಬಹುದು. ಎರಡು ಭಾಗ ಮಾಡಿ ಕಟ್ಟಲಿ, ಒಂದು ಮುಗಿದು ಜನ ಒಳಗೆ ಹೋದ ಮೇಲೆ ಇನ್ನೊಂದನ್ನು ಕೆಡವಲಿ. ತಾತ್ಕಾಲಿಕ ಶೆಡ್ ಮೊದಲು ಬರಲಿ, ಅದೂ ಬಸ್ ನಿಲ್ದಾಣದ ಕೂಗಳತೆಯಲ್ಲಿ. ತರಕಾರಿಯವರು ನೆಲದ ಮಟ್ಟದಲ್ಲಿರಲಿ, ಮೆಟ್ಟಿಲು ಬೇಡ. ಎರಡನೇ ಅಂತಸ್ತಿಗೆ ಗಿರಾಕಿ ಹತ್ತುತ್ತಾರೆಯೇ ಎಂದು ಕೇಳಿ, ಇಲ್ಲವೆಂದರೆ ಕಟ್ಟುವುದೇ ಬೇಡ. ಬಾಡಿಗೆಯ ಇಂತಿಷ್ಟು ಪಾಲನ್ನು ಅದೇ ಮಾರುಕಟ್ಟೆಯ ನಿರ್ವಹಣೆಗೆ ಮೀಸಲಿಡುವ ಠರಾವು ಆಗಲಿ. ಇಷ್ಟಾದರೂ ಅಪಾಯ ತಪ್ಪದು. ‘ತಾತ್ಕಾಲಿಕ’ ಎಂಬ ಪದ ಪುರಸಭೆಯಲ್ಲಿ ಬಹಳ ಉದ್ದದ್ದು. ಹರಾಜಿನ ಠೇವಣಿ ನಿಮ್ಮಂಥವರ ಕೈಗೆಟುಕದಷ್ಟು ಏರಬಹುದು.

ಸಂತೆಯನ್ನು ಬೈಪಾಸಿಗೆ ಕಳಿಸುವುದಕ್ಕೆ ಮಾತ್ರ ನಾನು ಯಾವ ಷರತ್ತಿನ ಮೇಲೂ ಸಹಿ ಹಾಕಲಾರೆ. ಬಸ್ ಇಳಿದವರು ಅಲ್ಲಿಗೆ ಆಟೊ ಹಿಡಿಯಬೇಕು, ತಲೆಹೊರೆಯವರು ನಡೆಯಬೇಕು, ಹೆದ್ದಾರಿ ದಾಟಬೇಕು. ಸಂತೆ ಸುಂಕವನ್ನು ಗುತ್ತಿಗೆಗೆ ಕೊಡುವ ಮಾತೂ ಇದರ ಜೊತೆ ಬಂದೇ ಬರುತ್ತದೆ. ಕೊಡುವುದಾದರೆ ದರಪಟ್ಟಿಯ ಫಲಕ ಮತ್ತು ರಸೀದಿ ಕಡ್ಡಾಯವಾಗಲಿ. ಇಲ್ಲದಿದ್ದರೆ ಹತ್ತರ ಜಾಗದಲ್ಲಿ ಮೂವತ್ತು ವಸೂಲಿಯಾಗುತ್ತದೆ.

ಸಂಘದವರಿಗೆ ‘ಇಲ್ಲ’ ಎನ್ನುವ ಬದಲು ‘ಇವು ಸೇರಿದರೆ ಹಾಕುತ್ತೇನೆ’ ಎಂದು ಬರೆದುಕೊಡಿ. ಪ್ರತಿಯನ್ನು ಪುರಸಭೆಯ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಭೆ ಕರೆಯುತ್ತಾರೆ. ನಾನು ನಡೆಸಿದ ಅಂತಹ ಸಭೆಗಳಿಗೆ ಹನ್ನೆರಡು ಜನ ಬಂದರೆ ಹೆಚ್ಚಾಗಿತ್ತು, ಅವರಲ್ಲಿ ಎಂಟು ಜನ ಗುತ್ತಿಗೆದಾರರು. ನಿಮ್ಮ ಐದೂ ಹೆಣ್ಣುಮಕ್ಕಳನ್ನು, ಸಂತೆಯ ಹತ್ತು ಮಂದಿಯನ್ನು ಕರೆದುಕೊಂಡು ಹೋದರೆ ಸಭೆಯಲ್ಲಿ ನಿಮ್ಮದೇ ಬಹುಮತ.

ಕೊನೆಗೆ ಪರವಾನಗಿ. ಖಂಡಿತ ನವೀಕರಿಸಿ, ನಿಮ್ಮ ಹೆಸರಿನಲ್ಲೇ. ಒಳಬಾಡಿಗೆಯವರಿಗೆ ಮಳಿಗೆಯ ಮೇಲೆ ಕಾನೂನಿನ ಹಕ್ಕು ಇಲ್ಲ, ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಒಳಬಾಡಿಗೆಯ ವಿಷಯವನ್ನು ನೀವಾಗಿ ಎತ್ತಿದರೆ ಷರತ್ತು ಮುರಿದರೆಂದು ಪುರಸಭೆ ಮಳಿಗೆಯನ್ನೇ ವಾಪಸು ಪಡೆಯಬಹುದು, ಆಗ ಮೊದಲು ಬೀದಿಗೆ ಬೀಳುವವರು ನೀವು. ಆದ್ದರಿಂದ ಆ ತಖ್ತೆಯನ್ನು ಇಡೀ ಮಾರುಕಟ್ಟೆಯ ಲೆಕ್ಕವಾಗಿ ಕೇಳಿ, ನಿಮ್ಮ ಮಳಿಗೆಯ ಸಂಖ್ಯೆ ಬರೆಯಬೇಡಿ. ಆದರೆ ಹದಿನಾಲ್ಕು ವರ್ಷ ಅಲ್ಲಿ ದುಡಿದವರು ನೀವೇ ಎಂಬುದಕ್ಕೆ ಸಾಕ್ಷಿ ಸೇರುತ್ತಿರಲಿ. ಪರವಾನಗಿ, ಆಹಾರ ಸುರಕ್ಷತಾ ನೋಂದಣಿ, ವಿದ್ಯುತ್ ಬಿಲ್, ಟ್ಯಾಂಕರಿನ ಚೀಟಿ, ಎಲ್ಲವೂ. ಬಾಡಿಗೆಯನ್ನು ನಗದಾಗಿ ಕೊಡುತ್ತಿದ್ದರೆ ಮುಂದಿನ ತಿಂಗಳಿಂದ ಬ್ಯಾಂಕ್ ಮೂಲಕ ಕೊಡಿ. ಪರವಾನಗಿ ‘ಸಕಾಲ’ ಯೋಜನೆಯ, ಅಂದರೆ ಗೊತ್ತುಪಡಿಸಿದ ದಿನಗಳೊಳಗೆ ಕೊಡಲೇಬೇಕಾದ ಸೇವೆ. ಅರ್ಜಿ ಕೊಟ್ಟಾಗ ಸಂಖ್ಯೆಯಿರುವ ಸ್ವೀಕೃತಿ ಕೇಳಿ ಪಡೆಯಿರಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳಬಹುದು. ಪರವಾನಗಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮಾರ್ಚ್ ಕೊನೆಯ ವಾರ ಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಫೆಬ್ರವರಿಯಲ್ಲೇ ಹೋಗಿಬನ್ನಿ.